ಸರತಿ ಮುಗಿದ ಮೇಲೆ ‘ಹತ್ತುವಂತಿಲ್ಲ’ ಎನ್ನಬೇಡಿ

ಮಾನ್ಯ ಸಂಪಾದಕರೇ,

ಮುಕ್ಕಾಲು ಗಂಟೆ ಸರತಿಯಲ್ಲಿ ಕಾದು ರೈಡಿನ ಬಾಗಿಲಿಗೆ ಬಂದ ವಿಶೇಷಚೇತನ ಮಗುವಿಗೆ ‘ನೀನು ಹತ್ತುವಂತಿಲ್ಲ’ ಎನ್ನುವ ಪದ್ಧತಿ ಥೀಮ್ ಪಾರ್ಕ್‌ಗಳಲ್ಲಿ ನಿಲ್ಲಬೇಕು.

ನಿರಾಕರಣೆಗೆ ಹಲವು ಸಲ ಸರಿಯಾದ ಕಾರಣವೇ ಇರುತ್ತದೆ. ವೇಗದ ರೈಡ್‌ಗಳಲ್ಲಿ ಮಗು ಕತ್ತನ್ನು ತಾನೇ ನೆಟ್ಟಗೆ ಹಿಡಿಯಬೇಕು, ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಕರೆಂಟು ಹೋಗಿ ರೈಡ್ ಎತ್ತರದಲ್ಲಿ ನಿಂತರೆ ಕಿರಿದಾದ ಮೆಟ್ಟಿಲಲ್ಲಿ ಇಳಿಯಬೇಕಾಗಬಹುದು. ನಡೆಯಲಾಗದ ಮಗುವನ್ನು ಅಲ್ಲಿಂದ ಇಳಿಸುವ ವ್ಯವಸ್ಥೆ ಇಲ್ಲದಿದ್ದರೆ ಸಿಬ್ಬಂದಿ ಒಲ್ಲೆ ಎನ್ನುವುದು ನ್ಯಾಯವೇ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲ್ತುದಿಯ ಎರಡು ಮೂಳೆಗಳ ಹಿಡಿತ ಸಡಿಲವಿರುತ್ತದೆ. ಜೋರಾಗಿ ಕುಲುಕಿದರೆ ಬೆನ್ನುಹುರಿಗೇ ಪೆಟ್ಟಾದೀತು. ಆದರೆ ರೈಡಿನ ಗುಣ ದಿನಕ್ಕೊಂದು ಬಗೆ ಬದಲಾಗುವುದಿಲ್ಲವಲ್ಲ! ಆಸನ ನೆಲದಿಂದ ಎಷ್ಟು ಸೆಂಟಿಮೀಟರ್ ಎತ್ತರ, ಗಾಲಿಕುರ್ಚಿಯಿಂದ ಇಳಿಯಲೇಬೇಕೆ, ಮೆಟ್ಟಿಲು ಎಷ್ಟು, ಮೂರ್ಛೆರೋಗ ಕೆರಳಿಸುವಂಥ ಮಿಣುಕು ದೀಪಗಳಿವೆಯೇ ಎಂಬ ವಿವರ ಟಿಕೆಟ್ ಕೊಳ್ಳುವ ಮೊದಲೇ ವೆಬ್‌ಸೈಟಿನಲ್ಲಿ ಸಿಗಬೇಕು. ಅಲ್ಲಿ ಇಲ್ಲದಿದ್ದರೆ ಹೆತ್ತವರು ಫೋನ್ ಮಾಡಿ ಒಂದೊಂದು ರೈಡಿನ ಬಗ್ಗೆಯೂ ಕೇಳಿ ಬರೆದಿಟ್ಟುಕೊಳ್ಳುವುದೇ ಒಳ್ಳೆಯದು.

ಆಟಿಸಂ ಇರುವ ಮಗುವಿಗೆ ರೈಡಿಗಿಂತ ಸರತಿಯೇ ಕಷ್ಟ. ಅಮೆರಿಕದ ಡಿಸ್ನಿ ಪಾರ್ಕ್‌ಗಳು 2013ರಲ್ಲಿ ತಂದ ಪದ್ಧತಿಯಲ್ಲಿ ಕುಟುಂಬಕ್ಕೆ ಮರಳಿ ಬರಬೇಕಾದ ಸಮಯ ತಿಳಿಸುತ್ತಾರೆ. ಅಲ್ಲಿಯವರೆಗೆ ಮಗು ಗದ್ದಲವಿಲ್ಲದ ಕಡೆ ಇರಬಹುದು. ಎಲ್ಲರಷ್ಟೇ ಹೊತ್ತು ಕಾಯುವುದರಿಂದ ಇದನ್ನು ಸಾಲು ತಪ್ಪಿಸುವುದು ಎಂದು ಯಾರೂ ದೂರಬೇಕಿಲ್ಲ.

ಪೋಷಕರಿಗೆ ಕೆಲವು ಮಾತು. ಮೂರ್ಛೆರೋಗಕ್ಕೆ ಕೊಡುವ ಟೊಪಿರಮೇಟ್, ಜೋನಿಸಮೈಡ್ ಮಾತ್ರೆಗಳು ಕೆಲವು ಮಕ್ಕಳಲ್ಲಿ ಬೆವರನ್ನು ತಗ್ಗಿಸುತ್ತವೆ. ಮೈ ಒಣಗಿಯೇ ಇರುತ್ತದೆ, ಒಳಗೆ ಕಾವು ಏರುತ್ತಿರುತ್ತದೆ. ಆಗಾಗ ನೆರಳಿಗೆ ಕರೆತಂದು ನೀರು ಕುಡಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ. ಸ್ಪೈನಾ ಬಿಫಿಡಾ (ಹುಟ್ಟಿನಿಂದಲೇ ಬರುವ ಬೆನ್ನುಹುರಿಯ ದೋಷ) ಇರುವ ಅನೇಕ ಮಕ್ಕಳಿಗೆ ಲೇಟೆಕ್ಸ್, ಅಂದರೆ ಬಲೂನಿನಲ್ಲಿರುವ ರಬ್ಬರಿನ ಅಲರ್ಜಿ ಇರುತ್ತದೆ, ಬಲೂನ್ ಮಾರುವವರಿಂದ ದೂರವಿಡಿ. ಕಾಲಿನಲ್ಲಿ ಸ್ಪರ್ಶಜ್ಞಾನ ಇಲ್ಲದಿದ್ದರೆ ಬಿಸಿಲಿಗೆ ಕಾದ ಲೋಹ ಸುಟ್ಟರೂ ಮಗು ಅಳುವುದಿಲ್ಲ. ಆಸನವನ್ನು ಮೊದಲು ನೀವೇ ಮುಟ್ಟಿ ನೋಡಿ. ಕಿವಿ ಕೇಳಿಸಲು ಶಸ್ತ್ರಚಿಕಿತ್ಸೆಯಲ್ಲಿ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ಪ್ಲಾಸ್ಟಿಕ್ ಜಾರುಬಂಡೆಗೆ ಮೊದಲು ಹೊರಗಿನ ಉಪಕರಣ ತೆಗೆದಿಡಿ. ಅಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಅದನ್ನು ಕೆಡಿಸಬಹುದು.

ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಒಳಗಾಗಿರುವುದು ಶೌಚಾಲಯ. ಬಟ್ಟೆ ಬದಲಿಸಲು ಅಲ್ಲಿರುವ ಹಲಗೆ ಕೈಗೂಸಿಗೆ ಸಾಕು, ಡಯಾಪರ್ ಧರಿಸುವ ಹನ್ನೆರಡು ವರ್ಷದ ಹುಡುಗಿಗೆ ಸಾಲದು. ಆಕೆಯನ್ನು ಒದ್ದೆ ನೆಲದ ಮೇಲೆ ಮಲಗಿಸಬೇಕಾಗುತ್ತದೆ. ಬ್ರಿಟನ್ನಿನ ‘ಚೇಂಜಿಂಗ್ ಪ್ಲೇಸಸ್’ ಶೌಚಾಲಯಗಳು ಕನಿಷ್ಠ 12 ಚದರ ಮೀಟರ್ ಇರುತ್ತವೆ. ದೊಡ್ಡವರು ಮಲಗುವಷ್ಟು ಉದ್ದದ, ಏರಿಸಿ ಇಳಿಸಬಹುದಾದ ಹಲಗೆ, ವ್ಯಕ್ತಿಯನ್ನು ಮೇಲೆತ್ತುವ ಹೋಯಿಸ್ಟ್ ಯಂತ್ರ ಎರಡೂ ಇರುತ್ತವೆ. ಅಂಥದ್ದನ್ನು ಕಟ್ಟುವವರೆಗೆ ಪ್ರಥಮ ಚಿಕಿತ್ಸಾ ಕೊಠಡಿಯ ಮಂಚವನ್ನಾದರೂ ಈ ಮಕ್ಕಳಿಗೆ ಬಿಟ್ಟುಕೊಡಿ, ಅದು ಎಲ್ಲಿದೆ ಎಂದು ಪಾರ್ಕಿನ ನಕ್ಷೆಯಲ್ಲಿ ಗುರುತು ಹಾಕಿ.

– ವಿಶೇಷಚೇತನ ಮಕ್ಕಳ ಪೋಷಕರು ಮತ್ತು ಆರೈಕೆದಾರರು