ನಾಳೆ ಡೆಲೋಸ್‌ಗೆ: ಬೇಗ ಏಳಿ

ಎಲ್ಲರ ಗಮನಕ್ಕೆ. ನಾಳೆ ಗ್ರೀಸ್‌ನ ಮಿಕೊನೋಸ್ ದ್ವೀಪದಿಂದ ಪಕ್ಕದ ಡೆಲೋಸ್ ದ್ವೀಪಕ್ಕೆ ದೋಣಿ. ಅರ್ಧ ಗಂಟೆ ದಾರಿ ಅಷ್ಟೇ. ಮೆಲ್ಟೆಮಿ (ಇಲ್ಲಿ ಬೇಸಿಗೆಯಲ್ಲಿ ಬಿರುಸಾಗಿ ಬೀಸುವ ಉತ್ತರದ ಗಾಳಿ) ಜಾಸ್ತಿಯಾದರೆ ದೋಣಿ ಬಿಡುವುದಿಲ್ಲ; ಬೆಳಿಗ್ಗೆ 7ಕ್ಕೆ ಇಲ್ಲೇ ತಿಳಿಸುತ್ತೇನೆ.

ಅಲ್ಲಿ ನೆರಳು ತೀರಾ ಕಡಿಮೆ. ಟೋಪಿ, ತಲಾ ಎರಡು ಬಾಟಲಿ ನೀರು ಮರೆಯಬೇಡಿ. ಶೂ ಹಾಕಿ. ನಿನ್ನೆ ಕಲ್ಲು ಎಡವಿ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋದದ್ದು ನೋಡಿದಿರಲ್ವಾ!

ಬಯಲಲ್ಲಿ ಸಾಲಾಗಿ ಕೂತ ಸಿಂಹದ ಶಿಲ್ಪಗಳು ನಕಲು ಪ್ರತಿಗಳು. ಅಸಲಿ ಅಮೃತಶಿಲೆಯವನ್ನು ಅಲ್ಲಿನ ಮ್ಯೂಸಿಯಂ ಒಳಗೆ ಸಾಗಿಸಿದ್ದಾರೆ. ಆದರೂ ನೋಡಲು ಸೊಗಸು.

ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಈ ಪವಿತ್ರ ದ್ವೀಪದಲ್ಲಿ ಯಾರೂ ಹುಟ್ಟಬಾರದು, ಸಾಯಬಾರದು ಎಂದು ಕಟ್ಟಳೆ ಮಾಡಿದ್ದರು. ತುಂಬು ಬಸುರಿಯರನ್ನೂ ಎದುರಿನ ರಿನೇಯಾ ದ್ವೀಪಕ್ಕೆ ಸಾಗಿಸಬೇಕಿತ್ತು! ಈಗಲೂ ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ. ಹಾಗಾಗಿ ಫೋಟೋ ಗುಂಗಲ್ಲಿ ಕೊನೆಯ ದೋಣಿ ತಪ್ಪಿಸಿಕೊಳ್ಳಬೇಡಿ.