ಶಿಕ್ಷೆ ಎಷ್ಟು ಎಂಬ ವಾದಕ್ಕೂ ಒಂದು ದಿನ ಬೇಕು

ಮಾನ್ಯ ಸಂಪಾದಕರೆ,

ಒಂದೇ ಬಗೆಯ ಅಪರಾಧಕ್ಕೆ ಒಂದು ಕೋರ್ಟಿನಲ್ಲಿ ಎರಡು ವರ್ಷ, ಪಕ್ಕದ ಜಿಲ್ಲೆಯಲ್ಲಿ ಏಳು ವರ್ಷ ಸಜೆಯಾದರೆ ‘ಎಲ್ಲಾ ಜಡ್ಜ್ ಸಾಹೇಬರ ಮರ್ಜಿ’ ಎಂದು ಜನ ಮಾತಾಡಿಕೊಳ್ಳುತ್ತಾರೆ. ಮರ್ಜಿಗಿಂತ ದೊಡ್ಡ ಕಾರಣ ಬೇರೆ ಇದೆ. ಆರೋಪಿ ದೋಷಿ ಎಂದು ತೀರ್ಮಾನವಾದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಅವನ ಮಾತನ್ನು ಬೇರೆಯಾಗಿ ಕೇಳಬೇಕು ಎನ್ನುತ್ತದೆ ಕಾನೂನು. ನಮ್ಮ ಬಹಳಷ್ಟು ಕೋರ್ಟುಗಳಲ್ಲಿ ಸೊರಗಿರುವುದು ಆ ಹಂತವೇ.

ಸಾಕ್ಷಿಗಳ ಪಾಟೀಸವಾಲಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ತೀರ್ಪಿನ ದಿನ ಬೆಳಿಗ್ಗೆ ‘ದೋಷಿ’ ಎಂದು ಓದುತ್ತಾರೆ. ಊಟದ ವಿರಾಮ ಮುಗಿದ ಮೇಲೆ ‘ಶಿಕ್ಷೆ ಬಗ್ಗೆ ಏನಾದರೂ ಹೇಳುವುದಿದೆಯೇ’ ಎಂದು ಕೇಳುತ್ತಾರೆ. ಕಟಕಟೆಯಲ್ಲಿ ನಿಂತವನು ಕೈ ಮುಗಿದು ‘ಮನೆಗೆ ನಾನೊಬ್ಬನೇ ದುಡಿಯೋನು ಸ್ವಾಮಿ, ಸಣ್ಣ ಮಕ್ಕಳಿದ್ದಾರೆ’ ಎನ್ನುತ್ತಾನೆ. ಅವನ ವಕೀಲರು ಕನಿಷ್ಠ ಶಿಕ್ಷೆ ಕೇಳುತ್ತಾರೆ, ಸರ್ಕಾರಿ ಅಭಿಯೋಜಕರು ಗರಿಷ್ಠ ಶಿಕ್ಷೆ ಕೇಳುತ್ತಾರೆ. ಹತ್ತು ನಿಮಿಷಕ್ಕೆ ಮುಗಿಯಿತು. ಎರಡೂ ಕಡೆಯಿಂದ ಒಂದು ಕಾಗದವೂ ಕಡತ ಸೇರಿರುವುದಿಲ್ಲ.

ಸೆಷನ್ಸ್ ಪ್ರಕರಣಗಳಲ್ಲಿ ಈ ವಿಚಾರಣೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 235(2)ನೇ ಕಲಂನಲ್ಲಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 258(2)ರಲ್ಲಿದೆ. ಇದು ಬರೀ ಶಾಸ್ತ್ರವಲ್ಲ, ಬಿಟ್ಟರೆ ಶಿಕ್ಷೆಯೇ ನಿಲ್ಲದು ಎಂದು ಸಂತಾ ಸಿಂಗ್ ಪ್ರಕರಣದಲ್ಲಿ 1976ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಸಾಮಾನ್ಯವಾಗಿ ಬೇರೆ ದಿನಾಂಕ ಕೊಟ್ಟು, ಎರಡೂ ಕಡೆಯವರಿಂದ ಮಾಹಿತಿ ತರಿಸಿಕೊಂಡು ಶಿಕ್ಷೆ ಹೇಳಬೇಕು ಎಂದು 1989ರ ಅಲ್ಲಾವುದ್ದೀನ್ ಮಿಯಾನ್ ತೀರ್ಪು ತಿಳಿಸಿತು.

ಮಾಹಿತಿ ಏಕೆ ಬೇಕೆಂದರೆ, ಕಾನೂನು ಬಿಟ್ಟಿರುವ ಅಂತರ ಅಷ್ಟು ದೊಡ್ಡದು. ಮಚ್ಚಿನಿಂದ ಹೊಡೆದು ಮೂಳೆ ಮುರಿದ ಪ್ರಕರಣ ತೆಗೆದುಕೊಳ್ಳಿ. ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 326ರ ಪ್ರಕಾರ ಹತ್ತು ವರ್ಷದವರೆಗೆ ಸಜೆ ಇಲ್ಲವೇ ಜೀವಾವಧಿ. ಕನಿಷ್ಠ ಮಿತಿಯೇ ಇರಲಿಲ್ಲ. ಅದರ ಜಾಗಕ್ಕೆ ಬಂದ ನ್ಯಾಯ ಸಂಹಿತೆಯ 118(2)ರಲ್ಲಿ ಕನಿಷ್ಠ ಒಂದು ವರ್ಷ ಎಂದು ಸೇರಿಸಿದ್ದಾರೆ. ಯಾವುದು ಅನ್ವಯವಾಗುತ್ತದೆ ಎಂಬುದನ್ನು ನಿರ್ಧರಿಸುವುದು ತೀರ್ಪಿನ ದಿನವಲ್ಲ, ಅಪರಾಧ ನಡೆದ ದಿನ: 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಐಪಿಸಿಯೇ. ಒಂದು ವರ್ಷಕ್ಕೂ ಜೀವಾವಧಿಗೂ ನಡುವೆ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ನ್ಯಾಯಾಧೀಶರ ಕೈಯಲ್ಲಿ ಮಾಪಕವಿಲ್ಲ. ಇಂಥ ಮಾರ್ಗಸೂಚಿ ಶಾಸಕಾಂಗದಿಂದಲೂ ಬಂದಿಲ್ಲ, ನ್ಯಾಯಾಂಗದಿಂದಲೂ ಬಂದಿಲ್ಲ ಎಂದು 2012ರಲ್ಲಿ ಸೋಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಒಪ್ಪಿಕೊಂಡಿತು. ಅದಕ್ಕೆಂದೇ ಒಂದು ಸಮಿತಿ ಬೇಕು ಎಂದು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ನೇತೃತ್ವದ ಸಮಿತಿ 2003ರಲ್ಲೇ ಶಿಫಾರಸು ಮಾಡಿತ್ತು.

ಮಾರ್ಗಸೂಚಿ ಬರುವ ತನಕ ಕಾಯಬೇಕಾಗಿಲ್ಲ. ಪ್ರತಿವಾದಿ ವಕೀಲರು ಮೆಮೊ (ಲಿಖಿತ ಮನವಿ) ಜೊತೆ ಸಲ್ಲಿಸಬಹುದಾದ ಕಾಗದಗಳಿವೆ: ವಯಸ್ಸಿನ ದಾಖಲೆ, ಜೈಲಿನಲ್ಲಿದ್ದರೆ ಅಧೀಕ್ಷಕರಿಂದ ನಡತೆಯ ವರದಿ, ಕಾಯಿಲೆಯಿದ್ದರೆ ಆಸ್ಪತ್ರೆಯ ದಾಖಲೆ, ಗಾಯಾಳುವಿಗೆ ಹಣ ಕೊಟ್ಟಿದ್ದರೆ ರಸೀದಿ. ಹಿಂದೆ ಶಿಕ್ಷೆಯಾಗಿದೆ ಎಂದರೆ ಅದನ್ನು ರುಜುವಾತು ಮಾಡಬೇಕಾದವರು ಅಭಿಯೋಜಕರು. ‘ಇವನ ಮೇಲೆ ಇನ್ನೂ ನಾಲ್ಕು ಕೇಸಿವೆ’ ಎಂಬ ಬಾಯಿಮಾತು ಸಾಲದು, ಬಾಕಿ ಇರುವ ಕೇಸು ಶಿಕ್ಷೆಯಲ್ಲ.

ಹೆಚ್ಚು ಅನ್ಯಾಯವಾಗುವುದು ಎಳೆಯ ವಯಸ್ಸಿನವರಿಗೆ. 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ 6ನೇ ಕಲಂ ಪ್ರಕಾರ, ಜೀವಾವಧಿ ಶಿಕ್ಷೆಗೆ ಅವಕಾಶವಿಲ್ಲದ ಅಪರಾಧದಲ್ಲಿ 21 ತುಂಬದವರನ್ನು ಜೈಲಿಗೆ ಕಳಿಸುವ ಮುನ್ನ ಪರಿವೀಕ್ಷಣಾಧಿಕಾರಿಯ ವರದಿ ತರಿಸಬೇಕು. ಮುಚ್ಚಳಿಕೆ ಬರೆಸಿಕೊಂಡು ಬಿಡಲಾಗದಿದ್ದರೆ ಕಾರಣ ಬರೆಯಬೇಕು. ‘ಅಪರಾಧ ಗಂಭೀರವಾಗಿದ್ದು ಕಾಯ್ದೆಯ ಲಾಭ ಕೊಡಲು ಬರುವುದಿಲ್ಲ’ ಎಂಬ ಒಂದೇ ಸಾಲು ಆದೇಶದಿಂದ ಆದೇಶಕ್ಕೆ ನಕಲಾಗುತ್ತದೆ. ಅದು ಕಾರಣವಲ್ಲ. ವರದಿಯೇ ಬಾರದಿದ್ದಾಗ ಹುಡುಗನ ಮನೆ, ಓದು, ಸಹವಾಸ ಯಾವುದೂ ನ್ಯಾಯಾಧೀಶರಿಗೆ ಗೊತ್ತಾಗುವುದಿಲ್ಲ.

ನೊಂದವರ ಕಡೆಯೂ ಅಷ್ಟೇ ಖಾಲಿ. ಅಂಗವಿಕಲತೆಯ ಪ್ರಮಾಣಪತ್ರ, ಆಸ್ಪತ್ರೆ ಬಿಲ್ಲು, ಕೂಲಿ ತಪ್ಪಿದ ದಿನಗಳ ಲೆಕ್ಕ ಇವನ್ನು ಅಭಿಯೋಜಕರ ಕೈಗೆ ಶಿಕ್ಷೆಯ ವಾದದ ದಿನದೊಳಗೆ ತಲುಪಿಸಬೇಕು. ಪರಿಹಾರದ ಪ್ರಶ್ನೆಯನ್ನು ಪ್ರತಿ ಪ್ರಕರಣದಲ್ಲೂ ಪರಿಶೀಲಿಸಲೇಬೇಕು ಎಂದು 2013ರ ಅಂಕುಶ್ ಶಿವಾಜಿ ಗಾಯಕ್‌ವಾಡ್ ತೀರ್ಪು ಹೇಳಿದೆ. ತಡವಾದರೆ ಕಷ್ಟ: ಪರಿಹಾರ ಕಡಿಮೆಯಾಯಿತೆಂದು ಸಂತ್ರಸ್ತರು ಮೇಲ್ಮನವಿ ಹಾಕಬಹುದು, ಶಿಕ್ಷೆ ಕಡಿಮೆಯಾಯಿತೆಂದು ಹಾಕಲು ಬರುವುದಿಲ್ಲ. ಆ ಅಧಿಕಾರ ಸರ್ಕಾರದ್ದು ಮಾತ್ರ.

ಇನ್ನು ಆದೇಶದ ಕೊನೆಯ ಪುಟ. ಮೂರು ಕಲಂಗಳಿಗೆ ಮೂರು, ಎರಡು, ಒಂದು ವರ್ಷ ಸಜೆ ಎಂದಿಟ್ಟುಕೊಳ್ಳಿ. ಏಕಕಾಲಕ್ಕೆ ಎಂದರೆ ಮೂರು ವರ್ಷ. ಒಂದಾದ ಮೇಲೊಂದು ಎಂದರೆ ಆರು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ನ್ಯಾಯಾಧೀಶರು ಸುಮ್ಮನಿದ್ದರೆ ಆರೇ ಆಗುತ್ತಿತ್ತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 25ನೇ ಕಲಂ ಯಾವುದೆಂದು ಹೇಳಲೇಬೇಕು ಎನ್ನುತ್ತದೆ. ವಿಚಾರಣಾಧೀನ ಕೈದಿಯಾಗಿ ಕಳೆದ ದಿನಗಳನ್ನು ಸಜೆಯಿಂದ ಕಡಿತ ಮಾಡಬೇಕು, ಆದರೆ ದಂಡ ಕಟ್ಟದ್ದಕ್ಕೆ ಅನುಭವಿಸುವ ಸಜೆಗೆ ಆ ಕಡಿತವಿಲ್ಲ. ಹಾಗಾಗಿ ಐವತ್ತು ಸಾವಿರ ದಂಡ ಹಾಕುವ ಮೊದಲು ದೋಷಿ ಅದನ್ನು ಕಟ್ಟಬಲ್ಲನೇ ಎಂದು ಕೇಳಬೇಕು. ಸಜೆ ಮೂರು ವರ್ಷ ಮೀರದಿದ್ದು, ಅವನು ಜಾಮೀನಿನ ಮೇಲಿದ್ದರೆ, ಮೇಲ್ಮನವಿ ಹಾಕುವವರೆಗೆ ಅದೇ ಕೋರ್ಟು ಬಿಡಬಹುದು. ಮೂರು ವರ್ಷಕ್ಕೆ ಒಂದು ತಿಂಗಳು ಸೇರಿದರೆ ಆ ಸಂಜೆಯೇ ಜೈಲು. ಆ ಒಂದು ತಿಂಗಳಿಗೂ ಆದೇಶದಲ್ಲಿ ಕಾರಣವಿರಬೇಡವೇ?

ಪೋಕ್ಸೊದಂಥ ಕಾಯ್ದೆಗಳಲ್ಲಿ ಕನಿಷ್ಠ ಶಿಕ್ಷೆ ನಿಗದಿಯಾಗಿದ್ದು, ಅದಕ್ಕಿಂತ ಕೆಳಗಿಳಿಯಲು ವಿಚಾರಣಾ ನ್ಯಾಯಾಲಯಕ್ಕೆ ಅಧಿಕಾರವಿಲ್ಲ. ಅಲ್ಲಿ ‘ಕೋರ್ಟು ಕರುಣೆ ತೋರಲಿಲ್ಲ’ ಎಂಬ ದೂರು ಸಲ್ಲದು.

ಪತ್ರಿಕೆಗಳಿಗೂ ಒಂದು ಕೋರಿಕೆ. ಏಕಕಾಲಕ್ಕೆ ಅನುಭವಿಸಬೇಕಾದ ಸಜೆಗಳನ್ನೆಲ್ಲ ಕೂಡಿಸಿ ‘18 ವರ್ಷ ಜೈಲು’ ಎಂದು ತಲೆಬರಹ ಕೊಡಬೇಡಿ; ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂದು ಬರೆಯಬೇಡಿ, ಅದು ಬದುಕಿರುವವರೆಗಿನ ಶಿಕ್ಷೆ. ಯಾವ ಕಲಂ, ಅದರ ಕನಿಷ್ಠ ಗರಿಷ್ಠ ಎಷ್ಟು, ನ್ಯಾಯಾಧೀಶರು ಕೊಟ್ಟ ಕಾರಣವೇನು ಎಂಬ ಮೂರು ಸಾಲು ವರದಿಯಲ್ಲಿರಲಿ.

ಇಂತಿ,
ಒಬ್ಬ ವಕೀಲ, ಧಾರವಾಡ