ಸರ್ವಿಸ್ ಸೆಂಟರ್‌ನಲ್ಲಿ ಸಿಕ್ಕ ಆ ಅಕ್ಕನಿಗೆ ತುಂಬಾ ಥ್ಯಾಂಕ್ಸ್

ಅವರ ಹೆಸರು ಗೊತ್ತಿಲ್ಲ, ಗುಬ್ಬಿ ಬಸ್ಸಿಗೆ ಟೈಮಾಯ್ತು ಅಂತ ಹೊರಟುಬಿಟ್ರು, ಅದಕ್ಕೇ ಇಲ್ಲಿ ಬರೀತಿದೀನಿ. ನಮ್ಮಮ್ಮನ ಫೋನಿಗೆ ಅಪ್‌ಡೇಟ್ ಆದ್ಮೇಲೆ ಸ್ಕ್ರೀನ್ ಉದ್ದಕ್ಕೂ ಹಸಿರು ಗೆರೆ ಬಂತು, ಬಿದ್ದಿಲ್ಲ, ಒಡೆದಿಲ್ಲ, ವಾರಂಟಿನೂ ಇತ್ತು, ಆದ್ರೂ ತುಮಕೂರಿನ ಸರ್ವಿಸ್ ಸೆಂಟರ್‌ನಲ್ಲಿ ನೀರು ಹೋಗಿದೆ, ಡಿಸ್‌ಪ್ಲೇಗೆ ದುಡ್ಡು ಕಟ್ಟಿ ಅಂದ್ರು. ಅಮ್ಮ ಪಾಪ ಪರ್ಸ್ ತೆಗೀತಿದ್ರು.

ಆಗ ಪಕ್ಕದಲ್ಲಿ ಕೂತಿದ್ದ ಅಕ್ಕ, "ತಡಿಯಮ್ಮ, ಸಿಮ್ ಹಾಕೋ ಜಾಗದೊಳಗೆ ಬಿಳಿ ಸ್ಟಿಕ್ಕರ್ ಇರುತ್ತೆ, ನೀರು ತಾಗಿದ್ರೆ ಕೆಂಪಾಗುತ್ತೆ, ತೋರ್ಸೋಕೆ ಹೇಳು" ಅಂದ್ರು. ನೋಡಿದ್ರೆ ಬೆಳ್ಳಗೇ ಇತ್ತು! ಎಲ್ಲಾ ಫೋನಲ್ಲೂ ಒಂದೇ ಕಡೆ ಇರಲ್ವಂತೆ, ಆದ್ರೆ ಕೇಳಿ ನೋಡೋದು ನಮ್ಮ ಹಕ್ಕು. ಆಮೇಲೆ ಅವರೇ ಪಕ್ಕದಲ್ಲಿ ನಿಂತು, ಜಾಬ್ ಶೀಟ್‌ನಲ್ಲಿ (ರಿಪೇರಿಗೆ ಕೊಟ್ಟಾಗ ಅವರು ಬರೆದುಕೊಡೋ ಚೀಟಿ) ಐಎಂಇಐ ನಂಬರ್ ಅಂದ್ರೆ ಫೋನಿನ ಗುರುತಿನ ನಂಬರ್, ವಾರಂಟಿ ಯಾಕೆ ಕೊಡಲ್ಲ ಅನ್ನೋ ಕಾರಣ ಎರಡೂ ಬರೆಸಿದ್ರು, ಬಾಯಿಮಾತಿಗೆ ಬೆಲೆ ಇಲ್ಲ ಅಂತ. 1915ಕ್ಕೆ ಅಂದ್ರೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ತಗೋ, ಅದಕ್ಕೂ ಬಗ್ಗದಿದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವಿರೋ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಕೇಸ್ ಹಾಕಬಹುದು, 5 ಲಕ್ಷದ ಒಳಗಿನ ವಸ್ತುಗೆ ಫೀಸೂ ಇಲ್ಲ ಅಂದ್ರು.

ಅಲ್ಲಿವರೆಗೂ ಹೋಗೋದೇ ಬೇಕಾಗ್ಲಿಲ್ಲ, 1915ಕ್ಕೆ ಹೇಳಿದ ಮೇಲೆ ಕಂಪನಿಯವರೇ ಫೋನ್ ಮಾಡಿ ಫ್ರೀಯಾಗಿ ಡಿಸ್‌ಪ್ಲೇ ಬದಲಾಯಿಸಿಕೊಟ್ರು.

ಅಕ್ಕ, ಇದನ್ನ ಓದ್ತಿದ್ರೆ ದಯವಿಟ್ಟು ಮೆಸೇಜ್ ಮಾಡಿ, ಅಮ್ಮ ನಿಮ್ಮನ್ನ ಊಟಕ್ಕೆ ಕರೀಬೇಕು ಅಂತಿದಾರೆ.